ಹಸುರು ಚಹ: ಔಷಧವೋ, ವ್ಯಾಮೋಹವೋ?

ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹಸುರಾಗಿರುವುದೆಲ್ಲ ಔಷಧವಲ್ಲವೆಂಬ ಇನ್ನೊಂದು ಮಾತನ್ನು ಅದರೊಡನೆ ಸೇರಿಸಬೇಕಾದ ಕಾಲವು ಈಗ ಬಂದಿದೆ. ಹಸುರು ಚಹವನ್ನು ಕುಡಿದರೆ ಬೊಜ್ಜು ಕರಗುವುದೆಂದು ಒಬ್ಬರು, ರಕ್ತ ಶುದ್ಧಿಯಾಗುವುದೆಂದು ಇನ್ನೊಬ್ಬರು, ಆಯುಸ್ಸೇ ಹೆಚ್ಚುವುದೆಂದು ಮತ್ತೊಬ್ಬರು ಸಾರುತ್ತಿದ್ದಾರೆ. ಅದರಲ್ಲಿಯೂ ಕೆಫೀನೆಂಬ ಉತ್ತೇಜಕವಿರುವುದರಿಂದ ಅದು ವಿಷಪ್ರಾಯವೆಂದು ಹೆದರಿಸುವವರೂ ಇಲ್ಲದಿಲ್ಲ. ಈ ಎರಡು ಕೂಗುಗಳ ನಡುವೆ ಸಿಕ್ಕಿದ ಸಾಮಾನ್ಯ ಜನರು ಯಾವುದನ್ನು ನಂಬಬೇಕು?

ಈ ಪ್ರಶ್ನೆಯನ್ನು ನಾವು ಮರ್ಫಿ ಟೌನಿನಲ್ಲಿ ನಿಂತು ಕೇಳಬಯಸುತ್ತೇವೆ. ಹಲಸೂರಿನ ಮಗ್ಗುಲಲ್ಲಿರುವ ಈ ಬಡಾವಣೆಯು ಹಿಂದೆ ನಾಕ್ಸ್‌ಪೇಟೆಯೆಂದು ಕರೆಯಲ್ಪಡುತ್ತಿತ್ತು. ದಂಡಿನ ಪ್ರದೇಶದ ದುಡಿಯುವ ಜನರು ನೆಲಸಿದ್ದ ಈ ಸ್ಥಳಕ್ಕೆ ಆ ಕಾಲದ ಇಂಜಿನಿಯರಾಗಿದ್ದ ಮರ್ಫಿಯವರ ಹೆಸರು ಬಂದಿತು. 1947ರಲ್ಲಿ ದಂಡಿನ ಪ್ರದೇಶವು ಮೈಸೂರಿಗೆ ಮರಳಿತು. ಹೆಸರು ಮಾತ್ರ ಉಳಿಯಿತು, ದುಡಿಮೆಯೂ ಉಳಿಯಿತು. ಬೆಳಗಾಗುವುದರೊಳಗೆ ಮನೆಬಿಟ್ಟು ನೆರೆಯ ಇಂದಿರಾನಗರದ ಮನೆಗಳಿಗೆ ಕೆಲಸಕ್ಕೆ ಹೋಗುವ ತಾಯಂದಿರನ್ನು ಇಲ್ಲಿ ಕಾಣಬಹುದು. ಎದ್ದೊಡನೆ ಒಂದು ಲೋಟ ಚಹ, ತಿಂಡಿಗೆ ಬದಲಾಗಿ ಇನ್ನೊಂದು, ಊಟದ ಬೆನ್ನಿಗೇ ಮತ್ತೊಂದು: ಇದು ಅವರಲ್ಲಿ ಎಷ್ಟೋ ಮಂದಿಯ ದಿನಚರಿ. ಸಿರಿವಂತರ ಅಡುಗೆಮನೆಯ ಹಸುರು ಚಹವು ಈಗ ರಸ್ತೆಯನ್ನು ದಾಟಿ ಇವರ ಮನೆಗಳಿಗೂ ಬರುತ್ತಿದೆ. ನೂರಕ್ಕೂ ಹೆಚ್ಚು ರೂಪಾಯಿ ತೆತ್ತು ಒಂದು ಡಬ್ಬಿಯನ್ನು ಕೊಳ್ಳುವ ಬಡಸಂಸಾರಕ್ಕೆ ಆ ಹಣದಿಂದ ನಿಜವಾಗಿ ದೊರೆಯುವುದೇನು ಎಂಬುದನ್ನು ವಿಚಾರಿಸುವುದು ನಮ್ಮ ಕರ್ತವ್ಯವಲ್ಲವೆ?

ಚಹವನ್ನು ಆರೋಗ್ಯದ ಹೆಸರಿನಲ್ಲಿ ನಮಗೆ ಮಾರುತ್ತಿರುವುದು ಇದೇ ಮೊದಲಲ್ಲ. 1903ರಲ್ಲಿ ಆಂಗ್ಲ ಸರ್ಕಾರವು ರಫ್ತಾಗುವ ಚಹದ ಮೇಲೆ ಸುಂಕವನ್ನು ವಿಧಿಸಿ, ಆ ಹಣವನ್ನು ಚಹದ ಪ್ರಚಾರಕ್ಕೆಂದೇ ಮೀಸಲಿಡುವ ಶಾಸನವನ್ನು ಮಾಡಿತು. 1930ರ ದಶಕದ ಮುಗ್ಗಟ್ಟಿನಲ್ಲಿ ವಿದೇಶದ ಮಾರುಕಟ್ಟೆಯು ಕುಸಿದಾಗ ತೋಟದ ದೊರೆಗಳ ದೃಷ್ಟಿಯು ನಮ್ಮ ಜನರ ಮೇಲೆ ಬಿದ್ದಿತು. ಪ್ರಚಾರಕರು ಊರೂರು ತಿರುಗಿ ಚಹವನ್ನು ಕಾಸಿ, ಪುಕ್ಕಟೆಯಾಗಿ ಹಂಚಿ, ಅದು ಚೈತನ್ಯದಾಯಕವೆಂದು ಬೋಧಿಸಿದರು. ರೈಲು ನಿಲ್ದಾಣಗಳಲ್ಲಿ ಬಣ್ಣಬಣ್ಣದ ಫಲಕಗಳು ಮೆರೆದುವು. ಬಂಗಾಳದ ರಸಾಯನ ಪಂಡಿತರಾದ ಆಚಾರ್ಯ ಪ್ರಫುಲ್ಲಚಂದ್ರ ರಾಯರು ಈ ಪ್ರಚಾರವನ್ನು ಉಗ್ರವಾಗಿ ವಿರೋಧಿಸಿದರು. ಮಹಾತ್ಮಾ ಗಾಂಧಿಯವರು 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿದ್ದುಕೊಂಡು ಆರೋಗ್ಯವನ್ನು ಕುರಿತು ಬರೆಯತೊಡಗಿದಾಗ, ಚಹ ಕಾಫಿಗಳು ದೇಹಕ್ಕೆ ಅವಶ್ಯಕವಲ್ಲವೆಂದೂ ಚಹದಲ್ಲಿರುವ ಟ್ಯಾನಿನ್ ಎಂಬ ಒಗರು ವಸ್ತುವು ಹಾನಿಕರವೆಂದೂ ಅಭಿಪ್ರಾಯಪಟ್ಟರು. ಒಗರಿನ ವಿಷಯವಾಗಿ ಅವರು ಆಡಿದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಅದರ ಪ್ರಯೋಜನವಿದೆ.

ಹಸುರು ಚಹವೆಂದರೆ ಬೇರೊಂದು ಗಿಡದ ಎಲೆಯಲ್ಲ. ಕಪ್ಪು ಚಹಕ್ಕೂ ಅದಕ್ಕೂ ಗಿಡವು ಒಂದೇ. ಕಿತ್ತ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಒಡ್ಡಿ ಕಪ್ಪಾಗಲು ಬಿಟ್ಟರೆ ಅದು ನಾವು ಹಾಲು ಬೆರೆಸಿ ಕುಡಿಯುವ ಚಹ. ಕಿತ್ತ ಎಲೆಯನ್ನು ಕೂಡಲೆ ಹಬೆಯಲ್ಲಿಯೋ ಬಾಣಲೆಯಲ್ಲಿಯೋ ಬಿಸಿಮಾಡಿ ಆ ಮಾರ್ಪಾಟನ್ನು ತಡೆದರೆ ಹಸುರು ಚಹ. ಇದರಿಂದ ಎಲೆಯಲ್ಲಿ ಸಹಜವಾಗಿರುವ ಕ್ಯಾಟೆಚಿನ್ ಎಂಬ ವಸ್ತುಗಳು ಹೆಚ್ಚಾಗಿ ಉಳಿಯುತ್ತವೆ. ಈ ಪಾನೀಯದ ಆರೋಗ್ಯಮಹಿಮೆಯನ್ನು ಸಾರುವುದೂ ಹೊಸತಲ್ಲ. ಜಪಾನಿನ ಏಯ್‌ಸಾಯ್ ಎಂಬ ಬೌದ್ಧ ಭಿಕ್ಷುವು 1211ರಲ್ಲಿಯೇ ಅದಕ್ಕಾಗಿ ಗ್ರಂಥವನ್ನು ಬರೆದನು.

ಹಾಗಾದರೆ ಆ ಮಹಿಮೆಯು ಪರೀಕ್ಷೆಯಲ್ಲಿ ಎಷ್ಟರ ಮಟ್ಟಿಗೆ ನಿಂತಿದೆ? ಜಪಾನಿನ ಓಸಾಕಿ ಪ್ರಾಂತದಲ್ಲಿ 40,530 ಮಂದಿಯನ್ನು ಹಲವು ವರ್ಷಗಳ ಕಾಲ ಗಮನಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೆಚ್ಚು ಹಸುರು ಚಹವನ್ನು ಕುಡಿಯುವವರಲ್ಲಿ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸಾಯುವವರು ಕಡಿಮೆಯೆಂದು ಕಂಡುಬಂದಿತು; ಕ್ಯಾನ್ಸರಿನ ಮರಣದಲ್ಲಿ ಅಂಥ ವ್ಯತ್ಯಾಸವು ಕಾಣಲಿಲ್ಲ. ಆದರೆ ಒಂದು ಜನಾಂಗದ ಊಟ, ದುಡಿಮೆ, ನಡೆನುಡಿಗಳೆಲ್ಲವೂ ಕೂಡಿ ಆಗುವ ಫಲವನ್ನು ಒಂದು ಬಟ್ಟಲಿಗೆ ಮಾತ್ರ ಕಟ್ಟುವುದು ಸಾಹಸವಾದೀತು. ತೂಕವಿಳಿಸುವ ವಿಷಯವಾಗಿ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಸ್ಥೆಯು 2012ರಲ್ಲಿ ಕೊಟ್ಟ ತೀರ್ಪಂತೂ ಸ್ಪಷ್ಟವಾಗಿದೆ: ಇಳಿಯುವ ತೂಕವು ಅತ್ಯಲ್ಪ, ಲೆಕ್ಕಕ್ಕೆ ಬರುವಷ್ಟಲ್ಲ. ಎಂದಮೇಲೆ ಹಸುರು ಚಹವು ಹಿತವಾದ ಪಾನೀಯವೆಂದು ಒಪ್ಪಬಹುದು, ಚಿಕಿತ್ಸೆಯೆಂದು ಒಪ್ಪಲಾಗದು.

ಇನ್ನು ಕೆಫೀನಿನ ವಿಚಾರ. 1819ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನಜ್ಞನು ಕಾಫಿಬೀಜದಿಂದ ಇದನ್ನು ಬೇರ್ಪಡಿಸಿದನು. ಚಹದಲ್ಲಿರುವುದೂ ಅದೇ ವಸ್ತುವೆಂಬುದು ತರುವಾಯ ಸಿದ್ಧವಾಯಿತು. ದುಡಿದಂತೆಲ್ಲ ನಮ್ಮ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತುವು ಕೂಡುತ್ತ ಬಂದು, ಇನ್ನು ಸಾಕು, ವಿಶ್ರಮಿಸು ಎಂದು ಸೂಚನೆ ಕೊಡುತ್ತದೆ. ಕೆಫೀನು ಆ ಸೂಚನೆಯು ಮುಟ್ಟಬೇಕಾದ ಸ್ಥಾನವನ್ನು ತಾನು ಆಕ್ರಮಿಸಿ ಕುಳಿತುಕೊಳ್ಳುತ್ತದೆ. ದಣಿವು ತೀರುವುದಿಲ್ಲ, ದಣಿವಿನ ಸುದ್ದಿ ಮಾತ್ರ ತಡೆಯಲ್ಪಡುತ್ತದೆ. ಪತ್ರಿಕೆಗಳ ಬಾಯಿ ಕಟ್ಟಿದರೆ ಕ್ಷಾಮವು ನಿಲ್ಲುವುದೆ? ಪರಕೀಯರ ಆಳ್ವಿಕೆಯನ್ನು ಕಂಡ ನಾಡಿಗೆ ಈ ಉಪಮಾನವನ್ನು ವಿವರಿಸಬೇಕಾಗಿಲ್ಲ.

ಆದರೂ ಪ್ರಮಾಣವನ್ನರಿಯದೆ ಭಯಪಡುವುದು ವಿವೇಕವಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರಸೂತ್ರಗಳಲ್ಲಿ, ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮೀರಬಾರದೆಂದು ತಿಳಿಸಿದೆ. ಅದರ ಲೆಕ್ಕದಂತೆ 150 ಮಿಲಿಲೀಟರು ಸೋಸಿದ ಕಾಫಿಯಲ್ಲಿ 80ರಿಂದ 120, ಒಂದು ಸಲದ ಚಹದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ. ಹಸುರು ಚಹದ ಒಂದು ದೊಡ್ಡ ಬಟ್ಟಲಿನಲ್ಲಿ ಇರುವುದು ಸುಮಾರು 30. ಮೂರು ಲೋಟ ಗಟ್ಟಿ ಕಾಫಿಯನ್ನು ನಿಶ್ಚಿಂತೆಯಿಂದ ಕುಡಿಯುವವರು ಎರಡು ಬಟ್ಟಲು ಹಸುರು ಚಹದ ಕೆಫೀನಿಗೆ ನಡುಗುವುದು ಹಾಸ್ಯಾಸ್ಪದವೇ ಸರಿ. ಆದರೆ ಎದೆ ಡವಗುಟ್ಟುವವರು, ನಿದ್ರೆ ಬಾರದವರು ಎಚ್ಚರವಾಗಿರತಕ್ಕದ್ದು. ಕುಡಿದ ಕೆಫೀನಿನ ಅರ್ಧಭಾಗವು ಸುಮಾರು ಐದು ಗಂಟೆಗಳಾದರೂ ದೇಹದಲ್ಲಿ ಉಳಿದಿರುತ್ತದೆ. ಗರ್ಭಿಣಿಯರಲ್ಲಿ ಅದು ಇನ್ನೂ ಹೆಚ್ಚು ಕಾಲ ನಿಲ್ಲುವುದರಿಂದ ಯೂರೋಪಿನ ಆಹಾರಸುರಕ್ಷಾ ಸಂಸ್ಥೆಯು 2015ರಲ್ಲಿ ಅವರಿಗೆ ದಿನಕ್ಕೆ 200 ಮಿಲಿಗ್ರಾಂ ಮಿತಿಯನ್ನು ಹೇಳಿದೆ. ಹಸುರು ಚಹದ ಸಾರವನ್ನು ಗುಳಿಗೆಯಾಗಿ ನುಂಗುವವರಿಗೆ ಅಪಾಯವು ಬೇರೆಯೇ ಇದೆ. ಅದರ ಮುಖ್ಯ ಕ್ಯಾಟೆಚಿನ್ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿಗೆ ಪೆಟ್ಟಾಗುವ ಲಕ್ಷಣಗಳು ಕಾಣುವುವೆಂದು ಅದೇ ಸಂಸ್ಥೆಯು 2018ರಲ್ಲಿ ಎಚ್ಚರಿಸಿತು. ಎಲೆಯನ್ನು ಕುಡಿಯುವುದು ಬೇರೆ, ಸಾರವನ್ನು ನುಂಗುವುದು ಬೇರೆ.

ಆದರೆ ಮರ್ಫಿ ಟೌನಿನ ತಾಯಿಗೆ ನಿಜವಾದ ಕೇಡು ಬರುತ್ತಿರುವುದು ಕೆಫೀನಿನಿಂದಲ್ಲವೆಂದು ನಮ್ಮ ಅಭಿಪ್ರಾಯ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ನಮ್ಮ ಕರ್ನಾಟಕದಲ್ಲಿ ಸುಮಾರು 48 ಮಂದಿ. ಈ ರಕ್ತಹೀನತೆಗೆ ಕಾರಣಗಳು ಹಲವು; ಕಬ್ಬಿಣದ ಕೊರತೆಯು ಅವುಗಳಲ್ಲಿ ಮುಖ್ಯವಾದುದು. ಸೊಪ್ಪು, ಬೇಳೆಕಾಳುಗಳಿಂದ ಬರುವ ಅಲ್ಪಸ್ವಲ್ಪ ಕಬ್ಬಿಣವನ್ನು ಚಹದ ಒಗರು ಹೊಟ್ಟೆಯಲ್ಲಿಯೇ ಹಿಡಿದು ಕಟ್ಟಿ, ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಮಹಾತ್ಮರು ಸಂಶಯದಿಂದ ನೋಡಿದ ವಸ್ತುವೇ ಇದು. ಹಸುರು ಚಹವೂ ಈ ದೋಷದಿಂದ ಮುಕ್ತವಲ್ಲ. ಇಲ್ಲಿಯೇ ವಿಷಚಕ್ರವು ತೊಡಗುತ್ತದೆ: ರಕ್ತವಿಲ್ಲದುದರಿಂದ ಬಳಲಿಕೆ, ಬಳಲಿಕೆಗೆ ಚಹ, ಊಟದೊಡನೆ ಕುಡಿದ ಚಹದಿಂದ ಕಬ್ಬಿಣದ ನಷ್ಟ, ಆ ನಷ್ಟದಿಂದ ಮತ್ತಷ್ಟು ಬಳಲಿಕೆ. ಕೆಫೀನು ದಣಿವಿನ ಸುದ್ದಿಯನ್ನು ಮುಚ್ಚಿಡುವುದರಿಂದ ಆಕೆಗೆ ತನ್ನ ರೋಗವೇ ತಿಳಿಯುವುದಿಲ್ಲ. ಸರ್ಕಾರವು ಗರ್ಭಿಣಿಯರಿಗೆ 180 ದಿನಗಳಿಗೆ ಪುಕ್ಕಟೆಯಾಗಿ ಕೊಡುವ ಕಬ್ಬಿಣದ ಗುಳಿಗೆಯನ್ನು ಚಹದ ಗುಟುಕಿನೊಡನೆ ನುಂಗಿದರೆ ಅದರ ಬಹುಭಾಗವು ವ್ಯರ್ಥವಾಗುತ್ತದೆ. ರಾಷ್ಟ್ರದ ಹಣವೂ ಹೋಯಿತು, ತಾಯಿಯ ಬಲವೂ ಹೋಯಿತು.

ಇದಕ್ಕೆ ಪರಿಹಾರವು ದುಬಾರಿಯದಲ್ಲವೆಂಬುದೇ ಸಮಾಧಾನ. ಊಟಕ್ಕೆ ಒಂದು ಗಂಟೆ ಮೊದಲು, ಊಟವಾದ ಒಂದು ಗಂಟೆಯವರೆಗೆ ಚಹ ಕಾಫಿಗಳನ್ನು ಮುಟ್ಟಬಾರದೆಂದು ಮೇಲೆ ಹೇಳಿದ ಹೈದರಾಬಾದಿನ ಸಂಸ್ಥೆಯೇ ವಿಧಿಸಿದೆ. ಕಬ್ಬಿಣದ ಗುಳಿಗೆಗೆ ಬರಿಯ ನೀರು ಅಥವಾ ನಿಂಬೆಹಣ್ಣಿನ ಪಾನಕವು ಉತ್ತಮ. ಸೊಪ್ಪಿನ ಸಾರಿಗೆ ಹಿಂಡಿದ ನಿಂಬೆ, ಊಟದೊಡನೆ ತಿಂದ ನೆಲ್ಲಿಕಾಯಿಗಳು ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತವೆ. ಬಿಸಿಯಾದುದೇನಾದರೂ ಬೇಕೆನಿಸಿದರೆ ನಮ್ಮ ಅಜ್ಜಿಯರ ಕೊತ್ತಂಬರಿ ಜೀರಿಗೆಯ ಕಷಾಯವಿದೆ, ಅದರಲ್ಲಿ ಕೆಫೀನಿಲ್ಲ. ಹಸುರು ಚಹವೇ ಪ್ರಿಯವಾದವರು ಕುದಿ ಇಳಿದ ನೀರಿನಲ್ಲಿ ಎರಡು ಮೂರು ನಿಮಿಷ ಎಲೆಯನ್ನು ನೆನೆಸಿ, ಸಕ್ಕರೆ ಹಾಕದೆ, ಊಟಗಳ ನಡುವೆ, ಹಗಲಿನಲ್ಲಿ ಕುಡಿಯಲಿ. ನಾವು ಬೇಡವೆನ್ನುವುದಿಲ್ಲ.

ಕೊನೆಯದಾಗಿ ಇಂದಿರಾನಗರದ ಗೃಹಸ್ಥರಲ್ಲಿ ನಮ್ಮದೊಂದು ಬಿನ್ನಹ. ಬೆಳಗ್ಗೆ ನಿಮ್ಮ ಮನೆಗೆ ಕೆಲಸಕ್ಕೆ ಬರುವ ತಾಯಿಗೆ ಒಂದು ಲೋಟ ಚಹವನ್ನು ಕೊಟ್ಟು ಉಪಚಾರವಾಯಿತೆಂದು ತಿಳಿಯಬೇಡಿರಿ; ಮೊದಲು ಎರಡು ಇಡ್ಲಿಯನ್ನು ಕೊಡಿರಿ, ಚಹವು ಆಮೇಲೆ ಬರಲಿ. ಅಂಗನವಾಡಿಯ ಕಾರ್ಯಕರ್ತೆಯರು ಗುಳಿಗೆಯನ್ನು ಕೈಗೆ ಕೊಡುವಾಗ ಅದನ್ನು ಯಾವುದರೊಡನೆ ನುಂಗಬಾರದೆಂಬ ಒಂದು ಮಾತನ್ನೂ ಸೇರಿಸಿ ಕೊಡಲಿ. ಹಿಂದೆ ತೋಟದ ದೊರೆಗಳು ಹಸಿವಿನ ಜಾಗದಲ್ಲಿ ಚಹವನ್ನು ಕೂರಿಸಿದರು. ಇಂದು ವ್ಯಾಪಾರಿಗಳು ಅನ್ನದ ಜಾಗದಲ್ಲಿ ಹಸುರು ಚಹವನ್ನು ಕೂರಿಸದಂತೆ ನೋಡಿಕೊಳ್ಳುವ ಭಾರವು ನಮ್ಮದು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯು ಊಟವಿದ್ದವರಿಗೆ ಮಾತ್ರ ಸಲ್ಲುತ್ತದೆಂಬುದನ್ನು ನಾವು ಮರೆಯದಿರೋಣ.