ಕತ್ತಲಲ್ಲಿ ಗಾಯಗೊಂಡ ಮೃಗ

ಸಂಜೆಯ ಬೆಳಕು ಇನ್ನೇನು ಆರಿಹೋಗುವ ಹೊತ್ತು. ಅಟ್ಟಣೆಯ ಮೇಲೆ ಕುಳಿತ ಬೇಟೆಗಾರನು ಈಡು ಹಾರಿಸುತ್ತಾನೆ. ಮೃಗವು ಒಮ್ಮೆ ಕುಸಿದು, ಮರುಕ್ಷಣವೇ ಎದ್ದು, ಪೊದೆಗಳ ನಡುವೆ ಮರೆಯಾಗುತ್ತದೆ. ಗುಂಡು ತಗುಲಿದೆ, ಪ್ರಾಣ ಹೋಗಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಕಾಡೆಲ್ಲ ಕಪ್ಪಾಗುತ್ತದೆ. ಈಗ ಅವನ ಕರ್ತವ್ಯವೇನು? ಟಾರ್ಚು ಹಿಡಿದು ನೆತ್ತರಿನ ಜಾಡಿನಲ್ಲಿ ನಡೆಯಬೇಕೆ, ಬೆಳಗಾಗುವವರೆಗೆ ಕಾಯಬೇಕೆ? ನೋವಿನಿಂದ ನರಳುತ್ತಿರುವ ಪ್ರಾಣಿಯನ್ನು ಇಡೀ ರಾತ್ರಿ ಹಾಗೆಯೇ ಬಿಡುವುದು ಧರ್ಮವೆ?

ಭಾರತದಲ್ಲಿ ಶಿಕಾರಿಯು ಶ್ರೀಮಂತರ ಮತ್ತು ಅಧಿಕಾರಿಗಳ ವಿನೋದವಾಗಿದ್ದ ಕಾಲದಲ್ಲಿ, ಈ ಪ್ರಶ್ನೆಗೆ ಹಳೆಯ ಬೇಟೆಗಾರರು ಎರಡು ನಿಯಮಗಳನ್ನು ಹೇಳುತ್ತಿದ್ದರು. ಗಾಯಗೊಳಿಸಿದ ಮೃಗವನ್ನು ಹುಡುಕಿ ಮುಗಿಸದೆ ಮನೆಗೆ ಮರಳಕೂಡದೆಂಬುದು ಒಂದು. ಗಾಯಗೊಂಡ ಹುಲಿ ಚಿರತೆಗಳ ಬೆನ್ನುಹತ್ತಿ ರಾತ್ರಿಯಲ್ಲಿ ಅಟ್ಟಣೆಯಿಂದ ಇಳಿಯಕೂಡದೆಂಬುದು ಇನ್ನೊಂದು. ಹಗಲಿನಲ್ಲಿ ಇವೆರಡೂ ಹೊಂದಿಕೊಂಡು ಹೋಗುತ್ತವೆ. ಕತ್ತಲಾದೊಡನೆ ಒಂದಕ್ಕೊಂದು ಎದುರು ನಿಲ್ಲುತ್ತವೆ.

ಮೊದಲನೆಯ ನಿಯಮದ ಹಿಂದೆ ಕೇವಲ ಕರುಣೆ ಇರಲಿಲ್ಲ. ಕುಮಾವೂನಿನ ಚಂಪಾವತದ ಹೆಣ್ಣು ಹುಲಿಯನ್ನು 1907ರಲ್ಲಿ ಜಿಮ್ ಕಾರ್ಬೆಟ್ ಕೊಂದಾಗ, ಅದರ ಬಲಬದಿಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಮುರಿದಿದ್ದುದು ಕಂಡುಬಂದಿತು. ಹಿಂದೆ ಯಾರೋ ಹೊಡೆದ ಗುಂಡಿನ ಫಲ ಅದು. ತನ್ನ ಸಹಜ ಬೇಟೆಯನ್ನು ಹಿಡಿಯಲಾರದೆ ಮನುಷ್ಯರ ಮೇಲೆ ಬಿದ್ದ ಆ ಹುಲಿಯು ನೇಪಾಳ ಮತ್ತು ಕುಮಾವೂನುಗಳಲ್ಲಿ ಒಟ್ಟು 436 ಜನರನ್ನು ಕೊಂದಿತ್ತೆಂದು ಕಾರ್ಬೆಟ್ ಬರೆದಿದ್ದಾನೆ. ಮುಕ್ತೇಸರದ ಹುಲಿಗೆ ಮುಳ್ಳುಹಂದಿಯಿಂದ ಗಾಯವಾಗಿತ್ತು. ಎಲ್ಲ ನರಭಕ್ಷಕಗಳ ಹಿಂದೆಯೂ ಕೋವಿಯೇ ಇರಲಿಲ್ಲವೆಂಬುದು ನಿಜ. ಆದರೂ ಅಜಾಗರೂಕತೆಯಿಂದ ಹೊಡೆದು, ಗಾಯಗೊಂಡುದನ್ನು ಹುಡುಕದೆ ಬಿಟ್ಟುಹೋಗುವುದು ಹುಲಿ ನರಭಕ್ಷಕವಾಗುವುದಕ್ಕೆ ಒಂದು ಕಾರಣವೆಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಗುಂಡು ಹಾರಿಸಿದವನು ಮರುದಿನ ಊರಿಗೆ ಹೋಗಿಬಿಡುತ್ತಾನೆ. ಸೌದೆಗೆಂದು ಕಾಡಿಗೆ ಹೊರಟ ಹೆಂಗಸು ಹೋಗುವುದೆಲ್ಲಿಗೆ? ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ನನ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಈ ಭಯವು ಹೊಸದಲ್ಲ.

ಇನ್ನು ಕಾಯುವುದರ ಮಾತು. ಅದು ಹೇಡಿತನವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ನೆತ್ತರನ್ನು ಓದಬಲ್ಲವರು ಬೇರೆಯೇ ಹೇಳುತ್ತಾರೆ. ನೊರೆ ಕೂಡಿದ ತಿಳಿಗೆಂಪು ರಕ್ತವಾದರೆ ಗುಂಡು ಶ್ವಾಸಕೋಶವನ್ನು ಹೊಕ್ಕಿದೆ. ಪ್ರಾಣಿಯು ಹೆಚ್ಚು ದೂರ ಹೋಗಿರುವುದಿಲ್ಲ. ಕಪ್ಪುಗೆಂಪಾದರೆ ಯಕೃತ್ತಿಗೆ ತಗುಲಿರಬಹುದು. ರಕ್ತದೊಡನೆ ಹಸಿರು ಕಲಸಿದಂತಿದ್ದರೆ ಏಟು ಹೊಟ್ಟೆಗೆ ಬಿದ್ದಿದೆ, ಸಾವು ಬರಲು ಗಂಟೆಗಟ್ಟಲೆ ಹಿಡಿಯುತ್ತದೆ. ಇಂಥ ಜಿಂಕೆಯನ್ನು ತಕ್ಷಣ ಅಟ್ಟಿಸಿಕೊಂಡು ಹೋದರೆ ಅದು ತನ್ನ ಕೊನೆಯ ಬಲವನ್ನೆಲ್ಲ ಕೂಡಿಸಿಕೊಂಡು ಬಹುದೂರ ಓಡುತ್ತದೆ. ಜಾಡೂ ತಪ್ಪುತ್ತದೆ, ನೋವೂ ಬೆಳೆಯುತ್ತದೆ. ಸುಮ್ಮನೆ ಬಿಟ್ಟರೆ ಹತ್ತಿರದಲ್ಲಿಯೇ ಮಲಗಿಬಿಡುವುದುಂಟು. ಆದುದರಿಂದ ಕಾಯುವುದೇ ಕೆಲವು ವೇಳೆ ಹೆಚ್ಚಿನ ದಯೆ. ಆದರೆ ರಾತ್ರಿ ಮಳೆ ಸುರಿದರೆ ನೆತ್ತರಿನ ಗುರುತು ತೊಳೆದುಹೋಗುತ್ತದೆ. ನರಿ ಕತ್ತೆಕಿರುಬಗಳು ಬೆಳಗಿನವರೆಗೆ ಕಾಯುವುದಿಲ್ಲ.

ಹುಲಿಯಾದರೆ ಲೆಕ್ಕವೇ ಬೇರೆ. ಟಾರ್ಚಿನ ಬೆಳಕು ಬಿದ್ದ ಕಡೆ ಮಾತ್ರ ಕಾಣುತ್ತದೆ, ಉಳಿದ ಕಾಡು ಮತ್ತಷ್ಟು ಕತ್ತಲಾಗುತ್ತದೆ. ಹೊಳೆಯುವ ಕಣ್ಣುಗಳ ಹಿಂದೆ ಏನಿದೆಯೆಂದು ಕೋವಿ ಹಿಡಿದವನಿಗೆ ತಿಳಿಯದು. ಅದಕ್ಕಾಗಿಯೇ ಬೆಳಗಾದ ಮೇಲೆ ಎಮ್ಮೆಗಳ ಹಿಂಡನ್ನು ಮುಂದೆ ಬಿಟ್ಟುಕೊಂಡು, ಪೊದೆಗಳಿಗೆ ಕಲ್ಲೆಸೆದು, ಮರವೇರಿ ನೋಡುತ್ತ ಹುಡುಕುವ ಪದ್ಧತಿಯಿತ್ತು. ಪ್ರಾಣಾಪಾಯವು ಆ ಸಾಹೇಬನಿಗಿಂತ ಜಾಡು ನೋಡುತ್ತ ಮುಂದೆ ಬಾಗಿ ನಡೆಯುವ ಕೂಲಿಯವನಿಗೇ ಹೆಚ್ಚು. ಶಿಕಾರಿಯ ಪುಸ್ತಕಗಳು ಇದನ್ನು ಅಷ್ಟಾಗಿ ಎತ್ತಿ ಹೇಳುವುದಿಲ್ಲ.

ಕಾನೂನು ಏನು ಹೇಳಿತು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 17ನೆಯ ಕಲಮು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡುವುದನ್ನೂ, ಬೇಟೆಗೆ ಕೃತಕ ಬೆಳಕನ್ನು ಬಳಸುವುದನ್ನೂ ನಿಷೇಧಿಸಿತ್ತು. ತಾನು ಕೊಂದ ಪ್ರಾಣಿಯ ಬಳಿಗೆ ಬರುವ ಮಾಂಸಾಹಾರಿ ಮೃಗದ ಮಟ್ಟಿಗೆ, ಅದೂ ವಿಶೇಷ ಅನುಮತಿಯಿದ್ದರೆ, ಒಂದು ರಿಯಾಯಿತಿ ಇತ್ತು. ಗಾಯಗೊಂಡ ಜಿಂಕೆಗೆಂದು ಪ್ರತ್ಯೇಕ ಮಾತು ಅದರಲ್ಲಿರಲಿಲ್ಲ. ಕೊಲ್ಲುವುದೂ, ಕೊಲ್ಲಲು ಯತ್ನಿಸುವುದೂ ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೇ. ಹೀಗಾಗಿ ಸಂಜೆ ನ್ಯಾಯವಾಗಿ ಹೊಡೆದವನು ರಾತ್ರಿ ದಯೆಯಿಂದ ಹೊಡೆದರೆ ಅಪರಾಧಿಯಾಗುತ್ತಿದ್ದನು. ಇದು ಕಠೋರವೆಂದು ತೋರಿದರೂ ಅರ್ಥವಿಲ್ಲದ ಕಠೋರತೆಯಲ್ಲ. ಜೀಪಿನ ದೀಪಕ್ಕೆ ಬೆರಗಾಗಿ ನಿಂತ ಪ್ರಾಣಿಗಳನ್ನು ಸಾಲಾಗಿ ಕೆಡವುವ ಕಳ್ಳಬೇಟೆಗಾರನು ಸಿಕ್ಕಿಬಿದ್ದಾಗ, ಗಾಯಗೊಂಡುದನ್ನು ಮುಗಿಸಲು ಬಂದೆನೆನ್ನುವುದಕ್ಕಿಂತ ಸುಲಭವಾದ ನೆಪ ಇನ್ನಾವುದು?

ಇಂಗ್ಲೆಂಡಿನವರು ಈ ನೆಪದ ಭಯವಿದ್ದರೂ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಅಲ್ಲಿಯ 1991ರ ಜಿಂಕೆ ಕಾಯಿದೆಯು ರಾತ್ರಿಯಲ್ಲಿ ಜಿಂಕೆಗಳನ್ನು ಕೊಲ್ಲುವುದನ್ನು ನಿಷೇಧಿಸಿದರೂ, ಗಾಯಗೊಂಡ ಅಥವಾ ರೋಗಪೀಡಿತ ಜಿಂಕೆಯ ಯಾತನೆಯನ್ನು ತಪ್ಪಿಸಲು ಮಾಡಿದ ಕೃತ್ಯವನ್ನು ಅಪರಾಧವೆಂದು ಎಣಿಸುವುದಿಲ್ಲ. ಜರ್ಮನಿಯ ಬೇಟೆಯ ಕಾನೂನು ಇನ್ನೂ ಮುಂದೆ ಹೋಗಿ, ಗಾಯಗೊಂಡ ಮೃಗವನ್ನು ತಡಮಾಡದೆ ನೋವಿನಿಂದ ಬಿಡಿಸುವುದನ್ನು ಬೇಟೆಗಾರನ ಕರ್ತವ್ಯವಾಗಿಯೇ ವಿಧಿಸಿದೆ. ನೆತ್ತರಿನ ವಾಸನೆ ಹಿಡಿದು ನಡೆಯುವಂತೆ ತರಬೇತಾದ ನಾಯಿಗಳನ್ನು ಅಲ್ಲಿ ಇದಕ್ಕಾಗಿಯೇ ಸಾಕುತ್ತಾರೆ.

ಭಾರತದಲ್ಲಿ 1991ರ ತಿದ್ದುಪಡಿಯು ವಿನೋದದ ಬೇಟೆಯ ಪರವಾನಗಿಗಳೊಡನೆ 17ನೆಯ ಕಲಮನ್ನೂ ತೆಗೆದುಹಾಕಿತು. ಅಟ್ಟಣೆಯ ಬೇಟೆಗಾರನು ಇತಿಹಾಸಕ್ಕೆ ಸೇರಿದನು; ಗಾಯಗೊಂಡ ಮೃಗ ಮಾತ್ರ ಸೇರಲಿಲ್ಲ. ಉರುಳಿಗೆ ಸಿಕ್ಕಿದ ಚಿರತೆ, ವಾಹನದ ಹೊಡೆತಕ್ಕೆ ಬೆನ್ನು ಮುರಿದ ಕಡವೆ ಈಗಲೂ ಇವೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರವನ್ನು ನಿರ್ಬಂಧಿಸಿರುವುದಕ್ಕೆ ಇಂಥ ಸಾವುಗಳೇ ಕಾರಣ. ಆದರೆ ಕಾಡಿನ ಅಂಚಿನ ಎಲ್ಲ ರಸ್ತೆಗಳಿಗೂ ಆ ಭಾಗ್ಯವಿಲ್ಲ.

ಅಂಥ ಪ್ರಾಣಿಯನ್ನು ಕಂಡ ದಾರಿಹೋಕನು ಎಷ್ಟೇ ಮರುಗಿದರೂ ತಾನಾಗಿ ಕೊಲ್ಲುವಂತಿಲ್ಲ. ಆತ್ಮರಕ್ಷಣೆಗಾಗಿ ಸದ್ಭಾವನೆಯಿಂದ ಕೊಂದರೆ ಅಪರಾಧವಲ್ಲವೆಂದು 11ನೆಯ ಕಲಮು ಹೇಳುತ್ತದೆ. ಕನಿಕರಕ್ಕಾಗಿ ಕೊಂದವನಿಗೆ ಆ ರಕ್ಷಣೆಯಿಲ್ಲ. ಗುಣವಾಗುವ ಆಸೆಯೇ ಇಲ್ಲದಷ್ಟು ಊನಗೊಂಡ ಮೃಗಕ್ಕೂ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಆಜ್ಞೆ ಬೇಕು, ಅದರಲ್ಲಿ ಕಾರಣಗಳನ್ನು ಕಾಣಿಸಿರಬೇಕು. ಅರಿವಳಿಕೆಯ ಸೂಜಿ ಹೊಡೆದು ಹಿಡಿಯೋಣವೆಂದರೆ, ಮದ್ದು ಏರಲು ಕೆಲವು ನಿಮಿಷಗಳು ಬೇಕು; ಅಷ್ಟರಲ್ಲಿ ಪ್ರಾಣಿಯು ಕತ್ತಲಲ್ಲಿ ಎಲ್ಲಿಗೆ ಹೋಗಿ ಬೀಳುವುದೋ ತಿಳಿಯದು. ಹೀಗಾಗಿ ಪಶುವೈದ್ಯರೂ ಅರಣ್ಯ ಸಿಬ್ಬಂದಿಯೂ ಜನರನ್ನು ದೂರ ನಿಲ್ಲಿಸಿ, ದೀಪಗಳನ್ನು ತಗ್ಗಿಸಿ, ಪೂರ್ವದಿಕ್ಕು ಬೆಳ್ಳಗಾಗುವುದನ್ನು ಕಾಯುತ್ತ ನಿಲ್ಲಬೇಕಾಗುತ್ತದೆ.