ಹೈಬ್ರಿಡ್ ಕಾರಿಗೆ ನನ್ನ ಪ್ರಿಸ್ಕ್ರಿಪ್ಷನ್

ದುಕ್ಮ್ ಎಂದರೆ ಮಸ್ಕತ್‌ನ ನಮ್ಮ ಕನ್ನಡಿಗರಲ್ಲೇ ಅನೇಕರಿಗೆ "ಸಲಾಲಾ ಕಡೆ ಎಲ್ಲೋ ಇದೆಯಲ್ಲ" ಎನ್ನುವಷ್ಟೇ ಪರಿಚಯ. ಅರಬ್ಬೀ ಸಮುದ್ರದ ದಂಡೆಯ ಮೇಲೊಂದು ಬಂದರು, ಹಡಗು ರಿಪೇರಿಯ ಡ್ರೈಡಾಕ್, 2024ರಲ್ಲಿ ಉದ್ಘಾಟನೆಯಾದ ತೈಲ ಶುದ್ಧೀಕರಣ ಘಟಕ; ಉಳಿದದ್ದೆಲ್ಲ ಬಯಲು. ಸಿನಾವ್, ಮಹೂತ್ ದಾರಿಯಾಗಿ ಮಸ್ಕತ್‌ಗೆ ಸುಮಾರು 550 ಕಿಲೋಮೀಟರ್. ಸಂಘದ ಹಬ್ಬಕ್ಕೆ ಬರಬೇಕೆಂದರೂ ನಮಗೆ ಕಾರೇ ಗತಿ. ಹಾಗಾಗಿ ಇಲ್ಲಿ ಕಾರಿನ ಮಾತು ಬರೀ ಶೋಕಿಯ ಮಾತಲ್ಲ.

ನನ್ನದು ಕ್ಯಾಮ್ರಿ ಹೈಬ್ರಿಡ್. 2013ರಲ್ಲಿ ನಮ್ಮ ಬಿಡದಿಯಲ್ಲೂ ಇದರ ತಯಾರಿಕೆ ಶುರುವಾಯಿತು ಎಂಬುದು ನನಗೊಂದು ಸಣ್ಣ ಹೆಮ್ಮೆ. ಆದರೆ ನನ್ನ ಅಕ್ಕನ ಮಗನಿಗೆ ಈ ಕಾರೆಂದರೆ ತಾತ್ಸಾರ. "ಮಾವ, ಆಕ್ಸಿಲರೇಟರ್ ಒತ್ತಿದ ಮೇಲೆ ಇದು ಯೋಚನೆ ಮಾಡಿ ಓಡುತ್ತೆ. ಒಂದು ಥ್ರಾಟಲ್ ಕಂಟ್ರೋಲರ್ ಹಾಕಿಸಿ, ಸ್ಪ್ರಿಂಗ್ ಬದಲಾಯಿಸಿ ತಗ್ಗಿಸಿಬಿಡಿ" ಎಂದು ವರಾತ ಹಚ್ಚಿದ.

ರೋಗಿಯನ್ನು ನೋಡದೆ ಔಷಧಿ ಬರೆಯುವ ಅಭ್ಯಾಸ ನನಗಿಲ್ಲ. ಈ ಕಾರಿನಲ್ಲಿ ನಮ್ಮ ಪಾದಕ್ಕೂ ಎಂಜಿನ್ನಿಗೂ ನಡುವೆ ಹಳೆಯ ಕಾಲದ ಕೇಬಲ್ ಇಲ್ಲ. ಇರುವುದು ನರದಂಥ ವೈರು. ಪೆಡಲ್ ಎಷ್ಟು ಬಾಗಿತೆಂದು ಎರಡು ಸಂವೇದಕಗಳು ಕಂಪ್ಯೂಟರಿಗೆ ತಿಳಿಸುತ್ತವೆ. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದೇ ಎರಡು. ಎಂಜಿನ್ನಿಗೆಷ್ಟು ಕೆಲಸ, ಮೋಟಾರಿಗೆಷ್ಟು ಎಂದು ಹಂಚುವುದು ಕಂಪ್ಯೂಟರು. ಸಾಮಾನ್ಯ ಗೇರುಪೆಟ್ಟಿಗೆಯ ಬದಲು ಗ್ರಹಗಳಂತೆ ಸುತ್ತುವ ಹಲ್ಲುಚಕ್ರಗಳ ಒಂದು ಜೋಡಣೆಯಿದ್ದು, ಎಂಜಿನ್ನೂ ಎರಡು ಮೋಟಾರುಗಳೂ ಅದರಲ್ಲೇ ಕೂಡುತ್ತವೆ. ಮೊದಲು ಎಂಜಿನ್ ಸದ್ದು ಏರಿ, ವೇಗ ಆಮೇಲೆ ಬಂದಂತೆ ಅನಿಸುವುದು ಇದರಿಂದಲೇ. ಅದು ಕಾಯಿಲೆಯಲ್ಲ, ಅದರ ಪ್ರಕೃತಿ.

ಥ್ರಾಟಲ್ ಕಂಟ್ರೋಲರ್ ಎಂಬ ಡಬ್ಬಿ ಈ ನರದ ಮಧ್ಯೆ ಕುಳಿತು, ಕಾಲುಭಾಗ ಒತ್ತಿದರೆ ಅರ್ಧ ಒತ್ತಿದ್ದಾರೆಂದು ಕಂಪ್ಯೂಟರಿಗೆ ಹೇಳುತ್ತದೆ. ಅಷ್ಟೇ. ಕಾಫಿ ಕುಡಿದರೆ ಚುರುಕು ಅನಿಸುತ್ತದೆಯೇ ಹೊರತು ತೋಳಿನ ಬಲ ಹೆಚ್ಚುವುದಿಲ್ಲವಲ್ಲ! ಅಳಿಯ ತನ್ನ ಕಾರಿಗೆ ಹಾಕಿಸಿದ್ದ. ಓಡಿಸಿ ನೋಡಿದೆ. ಹೊರಡುವಾಗ ಮುಗ್ಗರಿಸಿದಂತೆ ಜಿಗಿಯಿತು. ಹಿಂದೆ ಕುಳಿತ ನನ್ನ ಹೆಂಡತಿ "ಅಯ್ಯೋ ರಾಮ" ಎಂದು ಕತ್ತು ಹಿಡಿದುಕೊಂಡಳು. ಪೂರ್ತಿ ಒತ್ತಿ ಗಡಿಯಾರ ಹಿಡಿದರೆ ಡಬ್ಬಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನನ್ನ ಕಾರಿನಲ್ಲಿ ಇಕೋದಿಂದ ಸ್ಪೋರ್ಟ್‌ಗೆ ಗುಂಡಿ ಒತ್ತಿದರೆ ಇದೇ ಗುಣ ಪುಕ್ಕಟೆ ಸಿಗುತ್ತದೆ. ಇದಕ್ಕೂ ಮುಂದೆ ಹೋಗಿ ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ಕೈ ಹಾಕುವವರಿದ್ದಾರೆ. ಅದರಲ್ಲಿ ಹರಿಯುವುದು ನೂರಾರು ವೋಲ್ಟ್, ಹೃದಯ ನಿಲ್ಲಿಸಲು ಧಾರಾಳ ಸಾಕು.

ಕಾರನ್ನು ತಗ್ಗಿಸುವುದಕ್ಕೂ ನಾನು ಒಪ್ಪಲಿಲ್ಲ. ಗಾಳಿಗೆ ರಸ್ತೆಯ ಮೇಲೆ ಮರಳಿನ ದಿಬ್ಬ ಬಂದು ಕೂರುವ ಊರಿನಲ್ಲಿ ಹೊಟ್ಟೆ ನೆಲಕ್ಕೆ ತಾಗುವ ಕಾರು ಯಾಕೆ? ಜೊತೆಗೆ ಪೊಲೀಸರ ಅನುಮತಿಯಿಲ್ಲದ ಮಾರ್ಪಾಟಿಗೆ ಇಲ್ಲಿ ದಂಡವಿದೆ, ಮುಲ್ಕಿಯಾ ನವೀಕರಣದಲ್ಲಿ ತಕರಾರೂ ಬರುತ್ತದೆ.

ಈ ದಾರಿಯ ನಿಜವಾದ ಭಯ ಒಂಟೆ. ಗಂಟೆಗೆ 120 ಕಿಲೋಮೀಟರ್ ಎಂದರೆ ಸೆಕೆಂಡಿಗೆ 33 ಮೀಟರ್. ಕಂಡು, ಬೆದರಿ, ಬ್ರೇಕಿಗೆ ಕಾಲಿಡುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತದೆ. ಒಂಟೆಯ ಕಾಲು ಬಂಪರಿಗೆ, ದೇಹ ನೇರ ಗಾಜಿನ ಮೇಲೆ. ಕತ್ತಿನ ಮೂಳೆ ಮುರಿದವರನ್ನು ನಾವು ವೈದ್ಯರು ನೋಡುವುದು ಹೀಗೆ. ಆ ಒಂದು ಕ್ಷಣದಲ್ಲಿ ಕಾರು ಹೇಳಿದ ಮಾತು ಕೇಳಬೇಕು. ನನ್ನ ಮಟ್ಟಿಗೆ ಹ್ಯಾಂಡ್ಲಿಂಗ್ ಎಂದರೆ ಅದೇ.

ಹಾಗಾಗಿ ದುಡ್ಡು ಸುರಿದದ್ದು ಟೈರಿಗೆ. ಮೈಲೇಜಿಗೆಂದೇ ಮಾಡಿದ ಟೈರು ತೆಗೆಸಿ, ಒಳ್ಳೆಯ ಹಿಡಿತದವು ಹಾಕಿಸಿದೆ. ಪೆಟ್ರೋಲು ಸ್ವಲ್ಪ ಹೆಚ್ಚು ಕುಡಿಯುತ್ತದೆ, ಕುಡಿಯಲಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ದಯವಿಟ್ಟು ಓದಿ: 1524 ಎಂದರೆ 2024ರ 15ನೇ ವಾರ ತಯಾರಾದದ್ದು. ಈ ಬಿಸಿಲಿಗೆ ರಬ್ಬರು ಓಡದೆ ನಿಂತಲ್ಲೇ ಮುದಿಯಾಗುತ್ತದೆ. ಗಾಳಿಯನ್ನು ಬೆಳಿಗ್ಗೆ, ಹೊರಡುವ ಮುಂಚೆ ಅಳೆಯಬೇಕು. ಮೆಟ್ಟಿಲು ಹತ್ತಿ ಬಂದವರ ಬಿಪಿ ನಾವು ತಕ್ಷಣ ನೋಡುವುದಿಲ್ಲ ತಾನೆ? ಸವೆದ ಶಾಕ್ ಅಬ್ಸಾರ್ಬರ್ ಹೊಸದಾಯಿತು. ಅಲೈನ್‌ಮೆಂಟಿಗೆ ಕೊಟ್ಟ ಮಸ್ಕತ್‌ನ ಒಂದು ಗ್ಯಾರೇಜು ಒಂದು ಬೋಲ್ಟನ್ನೂ ತಿರುಗಿಸದೆ ಅಚ್ಚುಕಟ್ಟಾದ ಕಾಗದ ಕೊಟ್ಟು ಕಳಿಸಿತ್ತು. ಕಾರು ಎಡಕ್ಕೇ ಎಳೆಯುತ್ತಿತ್ತು. ಬೇರೆ ಕಡೆ ಮಾಡಿಸಿದ ಮೇಲೆ ಜೂನ್–ಸೆಪ್ಟೆಂಬರ್‌ನ ಅಡ್ಡಗಾಳಿಯಲ್ಲೂ ಸ್ಟಿಯರಿಂಗ್ ನೆಟ್ಟಗಿದೆ.

ಇನ್ನೊಂದು ವಿಷಯ, ಖರ್ಚಿಲ್ಲದ್ದು. ಹಿಂದಿನ ಸೀಟಿನ ಬಳಿ ಒಂದು ಜಾಲರಿ ಇದೆ. ಬ್ಯಾಟರಿ ಉಸಿರಾಡುವುದು ಅದರಿಂದ. ಧೂಳು ಕಟ್ಟಿದರೆ ಬ್ಯಾಟರಿ ಕಾಯುತ್ತದೆ, ಕಾದರೆ ಕಂಪ್ಯೂಟರು ಅದರಿಂದ ಕಡಿಮೆ ಶಕ್ತಿ ತೆಗೆಯುತ್ತದೆ, ನಾವು ಥ್ರಾಟಲ್ ಸತ್ತಿದೆ ಎನ್ನುತ್ತೇವೆ. ತಿಂಗಳಿಗೊಮ್ಮೆ ನಾನೇ ಬ್ರಷ್ ಹಿಡಿದು ಶುಚಿ ಮಾಡುತ್ತೇನೆ. ಮಸ್ಕತ್‌ನಿಂದ ಬರುವಾಗ ಅಕ್ಕಿ ಮೂಟೆ, ತೆಂಗಿನಕಾಯಿ ಚೀಲವನ್ನು ಅದಕ್ಕೆ ಅಡ್ಡ ಇಡಬೇಡ ಎಂದು ಮನೆಯವಳಿಗೆ ಪ್ರತಿ ಸಲವೂ ಹೇಳುತ್ತೇನೆ. ಪ್ರತಿ ಸಲವೂ ಅಲ್ಲೇ ಇಡುತ್ತಾಳೆ.