ದೇವರಾಜ ಮೊಹಲ್ಲಾದ ನೆರೆಯಲ್ಲಿ ಸಂತ ಫಿಲೋಮಿನಾ

ಮೈಸೂರಿನ ದೇವರಾಜ ಮೊಹಲ್ಲಾಕ್ಕೆ ಹೆಸರು ತಂದ ಹೂವು, ಹಣ್ಣು, ವೀಳ್ಯದೆಲೆಗಳ ಮಾರುಕಟ್ಟೆಯಿಂದ ಉತ್ತರಕ್ಕೆ ಸುಮಾರು ಒಂದೂವರೆ ಕಿಲೋಮೀಟರ್ ಸಾಗಿದರೆ, ಲಷ್ಕರ್ ಮೊಹಲ್ಲಾದ ಅಶೋಕ ರಸ್ತೆಯ ಬಳಿ 175 ಅಡಿ ಎತ್ತರದ ಜೋಡಿ ಶಿಖರಗಳ ಸಂತ ಫಿಲೋಮಿನಾ ಪ್ರಧಾನಾಲಯ, ಅಂದರೆ ಮೈಸೂರು ಧರ್ಮಾಧ್ಯಕ್ಷರ ಪೀಠವಿರುವ ಚರ್ಚು, ಎದುರಾಗುತ್ತದೆ. ಸಂತ ಜೋಸೆಫರ ಹೆಸರೂ ಇದಕ್ಕೆ ಸೇರಿದೆಯಾದರೂ ಊರಿನವರ ಬಾಯಲ್ಲಿ ಇದು ಫಿಲೋಮಿನಾ ಚರ್ಚೇ.

ಮಧ್ಯಯುಗದ ಸಂತರಾದ ಅಸ್ಸಿಸಿಯ ಕ್ಲಾರಾ, ಸಿಯೆನಾದ ಕ್ಯಾಥರೀನ್ ಅವರ ಬದುಕಿಗೆ ಸಮಕಾಲೀನರ ಬರಹಗಳ ಆಧಾರವಿದೆ. ಫಿಲೋಮಿನಾಳಿಗಿರುವುದು ಮೂರು ಹೆಂಚುಗಳು ಮಾತ್ರ. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಗಲ್ಲರೆಗಳಲ್ಲಿ, ಎಂದರೆ ಆದಿಕ್ರೈಸ್ತರು ತಮ್ಮವರನ್ನು ಹೂಳುತ್ತಿದ್ದ ಸುರಂಗಗಳಲ್ಲಿ, ದೊರೆತ ಗೋರಿಯೊಂದನ್ನು ಮುಚ್ಚಿದ್ದ ಆ ಹೆಂಚುಗಳ ಮೇಲೆ ‘ಲುಮೆನಾ’, ‘ಪಾಕ್ಸ್ ತೆ’, ‘ಕುಮ್ ಫಿ’ ಎಂಬ ಲ್ಯಾಟಿನ್ ಅಕ್ಷರಗಳಿದ್ದವು. ಮೊದಲ ಹೆಂಚನ್ನು ಕೊನೆಗಿಟ್ಟು ಓದಿದಾಗ ‘ಫಿಲುಮೆನಾ, ನಿನಗೆ ಶಾಂತಿಯಿರಲಿ’ ಎಂಬ ಅರ್ಥ ಹೊರಟಿತು. ಒಳಗಿದ್ದ ಎಳೆಹರೆಯದ ಹುಡುಗಿಯ ಎಲುಬುಗಳು ರಕ್ತಸಾಕ್ಷಿಯವು, ಅಂದರೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವಳವು, ಎಂದು ತೀರ್ಮಾನಿಸಲಾಯಿತು. ಆಕೆಯನ್ನು ಗ್ರೀಕ್ ರಾಜಕುಮಾರಿ ಎನ್ನುವ, ಚಕ್ರವರ್ತಿ ಡಯೋಕ್ಲೀಷಿಯನ್ನನನ್ನು ಮದುವೆಯಾಗಲು ಒಪ್ಪದೆ ಸತ್ತಳೆನ್ನುವ ಕಥೆ ಹೊರಬಂದದ್ದು 1833ರಲ್ಲಿ, ಇಟಲಿಯ ಸನ್ಯಾಸಿನಿಯೊಬ್ಬಳ ದರ್ಶನಗಳಿಂದ. ಅದನ್ನು ಇತಿಹಾಸವೆಂದು ಓದುವುದು ಕಷ್ಟ. ಆದರೂ ಮುನ್ಯಾನೊ ಎಂಬ ಊರಿಗೆ 1805ರಲ್ಲಿ ಸಾಗಿಸಲಾದ ಆ ಅವಶೇಷಗಳ ಬಳಿ ಫ್ರಾನ್ಸಿನ ಪೊಲಿನ್ ಜಾರಿಕೊ ಎಂಬಾಕೆ 1835ರಲ್ಲಿ ಗುಣಮುಖಳಾದ ಸುದ್ದಿ ಹರಡಿ, 1837ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿ ಆರಾಧನೆಗೆ ಸಮ್ಮತಿಯಿತ್ತರು.

ಅಶೋಕ ರಸ್ತೆಯ ಈ ಜಾಗದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1843ರಲ್ಲಿ, ಚಿಕ್ಕ ಚರ್ಚೊಂದು ಎದ್ದಿತ್ತು. ಮಹಾರಾಜರ ಹುಜೂರ್ ಕಾರ್ಯದರ್ಶಿ ಟಿ.ಆರ್.ಎ. ತಂಬುಚೆಟ್ಟಿಯವರು 1926ರಲ್ಲಿ ಪೋಪರ ಪ್ರತಿನಿಧಿ ಪೀಟರ್ ಪಿಸಾನಿಯವರಿಂದ ಸಂತಳ ಅವಶೇಷವನ್ನು ಪಡೆದು ಫಾದರ್ ಕೊಶೆಯವರಿಗೆ ಒಪ್ಪಿಸಿದರು. ಅದಕ್ಕೆ ತಕ್ಕ ಆಲಯ ಬೇಕೆಂದು ಕೊಶೆ ಅರಮನೆಯ ನೆರವು ಕೋರಿದ್ದರಿಂದ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲಿಟ್ಟರು. ಫ್ರಾನ್ಸಿನ ಡಾಲಿ ಎಂಬ ವಾಸ್ತುಶಿಲ್ಪಿ ಜರ್ಮನಿಯ ಕಲೋನ್ ಪ್ರಧಾನಾಲಯದ ಮಾದರಿಯಲ್ಲಿ, ಚೂಪುಗಮಾನುಗಳ ನವಗೋಥಿಕ್ ಶೈಲಿಯಲ್ಲಿ, ಶಿಲುಬೆಯಾಕಾರದ ತಳವಿನ್ಯಾಸದ ಮೇಲೆ ರೂಪಿಸಿದ ಕಟ್ಟಡವಿದು. ಯೂರೋಪಿನ ಮಧ್ಯಯುಗವನ್ನು ಮೈಸೂರು ಹೀಗೆ ಸಂತಳ ಚರಿತ್ರೆಯಲ್ಲಲ್ಲ, ಆಕೆಯ ಮನೆಯ ಗೋಡೆಗಳಲ್ಲಿ ಪಡೆಯಿತು. ಒಳಗೆ ಸುಮಾರು 800 ಜನ ಕೂರಬಹುದು; ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನದ ಚಿತ್ರಗಳಿವೆ.

1961ರಲ್ಲಿ ರೋಮು ಫಿಲೋಮಿನಾಳ ಹೆಸರನ್ನು ಪೂಜಾವಿಧಿಯ ಪಂಚಾಂಗದಿಂದ ಕೈಬಿಟ್ಟಿತಾದರೂ ಮೈಸೂರಿನ ಚರ್ಚು ಹೆಸರು ಬದಲಿಸಲಿಲ್ಲ. ಶಿಖರಗಳ ಫೋಟೊ ತೆಗೆದು ಹೊರಟುಬಿಡುವ ಪ್ರವಾಸಿಗರೇ ಹೆಚ್ಚು. ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಮೆಟ್ಟಿಲಿಳಿದು, ಮಲಗಿದ ಭಂಗಿಯಲ್ಲಿರುವ ಹುಡುಗಿಯ ಪ್ರತಿಮೆಯನ್ನೂ ಅವರು ನೋಡಬೇಕು.